ಅಲೆ ಎಣಿಸುವ ವ್ಯಾಪಾರ

ಅಲೆ ಎಣಿಸುವ ಕೆಲಸಕ್ಕೆ ನೇಮಿಸಿದರೂ, ಎಣಿಕೆ ಕೆಡುತ್ತದೆಂದು ದೋಣಿಗಳನ್ನು ತಡೆದು ಲಂಚ ಕಿತ್ತ ಅಧಿಕಾರಿಯ ಕಥೆ ನಮ್ಮ ಜನಕ್ಕೆ ಹೊಸದಲ್ಲ. ಆ ಕಸುಬು ಈಗ ದೊಡ್ಡಬಳ್ಳಾಪುರಕ್ಕೂ ಬಂದಿದೆ. ಮಗ್ಗದ ಪಾಳಿ ಮುಗಿಸಿದ ಹುಡುಗ, ಅಂಗಡಿಯ ಬಾಗಿಲು ಎಳೆದ ವರ್ತಕ, ಇಬ್ಬರೂ ಮೊಬೈಲು ಹಿಡಿದು ಕೂರುತ್ತಾರೆ. ಷೇರಿನ ಬೆಲೆ ಮೂರನೆಯ ಅಲೆಯಲ್ಲಿದೆಯೋ, ಐದನೆಯದರಲ್ಲೋ? ಕೊಳ್ಳಲು ಇದೇ ಮುಹೂರ್ತವೋ? ಹೇಳಿಕೊಡುವವರಿಗೆ ಶುಲ್ಕ ಮೊದಲೇ ಸಂದಾಯ.

ಈ ವಿದ್ಯೆಯ ಮೂಲಪುರುಷ ಅಮೆರಿಕದ ಲೆಕ್ಕಿಗ ರಾಲ್ಫ್ ನೆಲ್ಸನ್ ಎಲಿಯಟ್. ಬೆಲೆ ಐದು ಅಲೆಗಳಲ್ಲಿ ಮುಂದೆ ಸಾಗಿ ಮೂರರಲ್ಲಿ ಹಿಂದೆ ಸರಿಯುತ್ತದೆಂದು ಆತ 1938ರಲ್ಲಿ ಸಾರಿದ. ಎರಡನೆಯದು ತಗ್ಗಿದಾಗ ಕೊಂಡವನು ಮೂರನೆಯದನ್ನು ಏರಿ ಹೋಗಬಹುದಂತೆ. ಕೇಳಲು ಸೊಗಸು. ಆದರೆ ಎಣಿಕೆ ಎಲ್ಲಿಂದ ಆರಂಭ? ಒಂದೇ ನಕ್ಷೆಗೆ ಇಬ್ಬರು ಪಂಡಿತರು ಎರಡು ಎಣಿಕೆ ಹೇಳುತ್ತಾರೆ. ಬೆಲೆ ಬೇರೆ ದಾರಿ ಹಿಡಿದರೆ ಎಣಿಕೆಯನ್ನೇ ತಿದ್ದಿಕೊಳ್ಳುತ್ತಾರೆ. ಹೋದ ಹಣವನ್ನು ತಿದ್ದಿಕೊಡುವವರು ಮಾತ್ರ ಯಾರೂ ಇಲ್ಲ.

ಬೆಲೆಗೆ ಸಮುದ್ರದಂತೆ ತನ್ನದೇ ಸ್ವಭಾವವಿದೆ ಎಂಬ ಮಾತನ್ನೇ ನಾವು ಒಪ್ಪಲಾರೆವು. ನಮ್ಮ ಮಗ್ಗದ ರೇಷ್ಮೆಯನ್ನೇ ನೋಡಿ. 2011ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿತು. ಚೀನಾದ ರೇಷ್ಮೆ ಅಗ್ಗವಾಯಿತು. ನಮ್ಮ ಗೂಡಿನ ಬೆಲೆ ಕುಸಿದು ಬೆಳೆಗಾರ ಬೀದಿಗಿಳಿದ. 2013ರಲ್ಲಿ ಸುಂಕವನ್ನು ಶೇಕಡಾ 15ಕ್ಕೆ ಏರಿಸಬೇಕಾಯಿತು. ಇದು ಎಷ್ಟನೆಯ ಅಲೆ, ಪಂಡಿತರೇ? ದೆಹಲಿಯಲ್ಲಿ ಬಿದ್ದ ಒಂದು ರುಜುವನ್ನು ಯಾವ ನಕ್ಷೆ ಮುಂದಾಗಿ ತೋರಿಸಿತ್ತು?

ಷೇರು ಪೇಟೆಯ ನಿಯಂತ್ರಕ ಸೆಬಿಯೇ 2024ರ ಸೆಪ್ಟೆಂಬರಿನಲ್ಲಿ ಲೆಕ್ಕ ಕೊಟ್ಟಿದೆ. 2021-22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಬಿಡಿ ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ಸೋತರು. ತಲಾ ನಷ್ಟ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಎಲ್ಲರೂ ಅಲೆ ಎಣಿಸಿದವರಲ್ಲ, ನಿಜ. ಆದರೆ ಎದುರಾಳಿ ಯಾರೆಂದು ತಿಳಿಯಬೇಡವೇ? 2023-24ರಲ್ಲಿ ಅದೇ ಕಣದಲ್ಲಿ ವಿದೇಶಿ ಹೂಡಿಕೆದಾರರು ಗಳಿಸಿದ ಲಾಭದಲ್ಲಿ ಶೇಕಡಾ 97 ಪಾಲು ತಾನಾಗಿಯೇ ಕೊಂಡು ಮಾರುವ ಕಂಪ್ಯೂಟರುಗಳದ್ದು. ಎಂಟು ಗಂಟೆ ದುಡಿದು ಬಂದ ಕಣ್ಣು ಅದರೊಡನೆ ಹೋರಾಡಬೇಕು!

ಬೆಲೆಯ ಏರಿಳಿತದ ಭಯ ನಿಜವಾಗಿ ಇರುವುದು ನೂಲು ಕೊಳ್ಳುವ ನೇಕಾರನಿಗೆ, ಗೂಡು ಮಾರುವ ರೈತನಿಗೆ. ಇವರಿಗಾಗಿಯೇ 1979ರಲ್ಲಿ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ಹುಟ್ಟಿತು. ಬೆಲೆ ಬಿದ್ದಾಗ ಕೊಂಡು ದಾಸ್ತಾನಿಟ್ಟು, ಏರಿದಾಗ ಹಿಡಿತದ ದರದಲ್ಲಿ ಮಗ್ಗಗಳಿಗೆ ಒದಗಿಸುವಷ್ಟು ದುಡಿಯುವ ಬಂಡವಾಳವನ್ನು ಸರ್ಕಾರ ಅದಕ್ಕೆ ಕೊಡಲಿ. ಮುಂದಿನ ಬಜೆಟ್ಟಿಗೆ ಮೊದಲೇ ಕೊಡಲಿ.