ಗಲ್ಲಿಗೂ ಹದಿನಾಲ್ಕು ವರ್ಷಕ್ಕೂ ನಡುವೆ

2017ರ ಫೆಬ್ರುವರಿಯಲ್ಲಿ ಬಳ್ಳಾರಿ ಜಿಲ್ಲೆಯ ಕಂಪ್ಲಿ ಕಡೆಯ ಹಳ್ಳಿಯೊಂದರಲ್ಲಿ ಒಬ್ಬಾತ ಶೀಲ ಶಂಕಿಸಿ ಹೆಂಡತಿಯನ್ನು ಕೊಂದ. ನಾದಿನಿಯನ್ನೂ ಮೂವರು ಎಳೆಯ ಮಕ್ಕಳನ್ನೂ ಬಿಡಲಿಲ್ಲ. 2019ರಲ್ಲಿ ಬಳ್ಳಾರಿಯ ಸೆಷನ್ಸ್ ನ್ಯಾಯಾಲಯ ಆತನಿಗೆ ಗಲ್ಲು ವಿಧಿಸಿತು, 2023ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅದನ್ನು ಎತ್ತಿಹಿಡಿಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಪ್ಪಿತಸ್ಥನೆಂಬ ತೀರ್ಪನ್ನು ಉಳಿಸಿಕೊಂಡೇ ಗಲ್ಲನ್ನು ತೆಗೆದುಹಾಕಿತು.

ಇಂಥ ಸುದ್ದಿ ಓದಿದಾಗ ನಮ್ಮ ಕಡೆ ಮೊದಲು ಬರುವ ಮಾತು, ‘ಹದಿನಾಲ್ಕು ವರ್ಷ ಕಳೆದ್ರೆ ಹೊರಗ ಬರ್ತಾನ ಬಿಡ್ರಿ’ ಎಂಬುದು. ಆ ಸಿಟ್ಟನ್ನು ತಿಳಿಗೇಡಿತನ ಎಂದು ತಳ್ಳಿಹಾಕಬಾರದು. ಮಕ್ಕಳನ್ನು ಕೊಂದವನು ಮತ್ತೆ ಅದೇ ಬೀದಿಯಲ್ಲಿ ಓಡಾಡುವುದನ್ನು ಯಾವ ತವರುಮನೆ ನೋಡಬೇಕು? ಗಲ್ಲು ಇರಲಿ ಎನ್ನುವವರ ವಾದದಲ್ಲಿ ಅತಿ ಗಟ್ಟಿಯಾದದ್ದು ಇದೇ. ಗಲ್ಲಿನ ಹೆದರಿಕೆಯಿಂದ ಕೊಲೆ ನಿಲ್ಲುತ್ತದೆ ಎಂಬ ಮಾತಿಗೆ ಅಷ್ಟು ಬಲವಿಲ್ಲ. ಸಂಶಯ ನೆತ್ತಿಗೇರಿ ಕುಡುಗೋಲು, ಮಚ್ಚು ಹಿಡಿದವನು ದಂಡಸಂಹಿತೆಯನ್ನು ನೆನೆಯುವುದಿಲ್ಲ.

ಆದರೆ ‘ಹದಿನಾಲ್ಕು ವರ್ಷ’ದ ಲೆಕ್ಕ ನಾವಂದುಕೊಂಡಂತಿಲ್ಲ. ಕಾನೂನಿನಲ್ಲಿ ಜೀವಾವಧಿ ಎಂದರೆ ಜೀವ ಇರುವವರೆಗೆ. ಕೊಲೆಯಂಥ ಅಪರಾಧದಲ್ಲಿ ಸರ್ಕಾರ ಶಿಕ್ಷೆ ಕಡಿತ ಮಾಡಿ ಬಿಡಬೇಕೆಂದರೂ ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆದಿರಲೇಬೇಕು, ಅಷ್ಟೆ. ಬಿಡುಗಡೆ ಕೈದಿಯ ಹಕ್ಕಲ್ಲ. ಆ ಕಡಿತದ ಬಾಗಿಲನ್ನೂ ಮುಚ್ಚಬಹುದೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕದ್ದೇ ಪ್ರಕರಣದಲ್ಲಿ: 2008ರ ಸ್ವಾಮಿ ಶ್ರದ್ಧಾನಂದ ತೀರ್ಪು. ಬೆಂಗಳೂರಿನಲ್ಲಿ ಹೆಂಡತಿಯನ್ನು ಕೊಂದು ಮನೆಯ ಆವರಣದಲ್ಲೇ ಹೂತ ಪ್ರಕರಣವದು. ಮೊದಲು ಕೇಳಿದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲು ಎಂದರು, ಇನ್ನೊಬ್ಬರು ಬೇಡ ಎಂದರು. ಮೂವರ ಪೀಠ ಬಿಡುಗಡೆಯೇ ಇಲ್ಲದ ಜೀವಾವಧಿ ಕೊಟ್ಟಿತು. 2015ರಲ್ಲಿ ಸಂವಿಧಾನ ಪೀಠವೂ ಈ ದಾರಿಯನ್ನು ಒಪ್ಪಿತು. ಕಂಪ್ಲಿ ಪ್ರಕರಣದ ಅಪರಾಧಿಗೂ ಇದೇ ಶಿಕ್ಷೆ: ಕೊನೆಯುಸಿರಿನವರೆಗೆ ಜೈಲು, ಕಡಿತವಿಲ್ಲ.

ಅಂದರೆ ಹೊರಗೆ ಬಿಡಬಾರದು ಎಂಬ ಬೇಡಿಕೆ ಗಲ್ಲಿಲ್ಲದೆಯೂ ಈಡೇರುತ್ತದೆ. ಉಳಿಯುವುದು, ಜೀವಕ್ಕೆ ಜೀವವೇ ಬೇಕು ಎಂಬ ಮಾತು. ಸಂತ್ರಸ್ತರ ಬಾಯಿಂದ ಬಂದರೆ ಅದಕ್ಕೆ ಎದುರಾಡಲು ನನಗೆ ಮನಸ್ಸಾಗುವುದಿಲ್ಲ. ಆದರೆ ಆ ಕೆಲಸವನ್ನು ಸರ್ಕಾರದ ಕೈಗೆ ಕೊಡುವ ಮುನ್ನ ಮಹಾರಾಷ್ಟ್ರದ ಒಂದು ಪ್ರಕರಣ ನೋಡಬೇಕು. ಅಲೆಮಾರಿ ಸಮುದಾಯದ ಆರು ಜನರಿಗೆ 2009ರಲ್ಲಿ ಸುಪ್ರೀಂ ಕೋರ್ಟೇ ಗಲ್ಲು ವಿಧಿಸಿತ್ತು. 2019ರಲ್ಲಿ ಅದೇ ನ್ಯಾಯಾಲಯ ಆರೂ ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು. ನಡುವೆ ಹಗ್ಗ ಬಿಗಿದಿದ್ದರೆ? ಜೈಲಿನಲ್ಲಿ ಕಳೆದುಹೋದ ವರ್ಷಗಳಿಗೆ ಪರಿಹಾರವಾದರೂ ಕೊಡಬಹುದು.

ಕಾಯಿಸುವುದೂ ಒಂದು ಶಿಕ್ಷೆಯೇ. ಕರ್ನಾಟಕದ ಗಲ್ಲುಗಂಬ ಇರುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಅಲ್ಲಿ ಕೊನೆಯ ಬಾರಿ ನೇಣು ಹಾಕಿದ್ದು 1983ರಲ್ಲಿ. ಅತ್ಯಾಚಾರ, ಕೊಲೆಯ ಅಪರಾಧಿ ಉಮೇಶ್ ರೆಡ್ಡಿಯನ್ನು ಅಲ್ಲಿ ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿಟ್ಟದ್ದು ಕಾನೂನುಬಾಹಿರ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ರದ್ದುಪಡಿಸಿ, ಕನಿಷ್ಠ 30 ವರ್ಷ ಜೈಲು ವಿಧಿಸಿತು. ಅಷ್ಟು ವರ್ಷ ಸಂತ್ರಸ್ತ ಕುಟುಂಬಗಳೂ ಕೋರ್ಟು, ಕ್ಷಮಾದಾನದ ಅರ್ಜಿ ಎಂದು ಕಾಯುತ್ತಲೇ ಇರಬೇಕಾಗುತ್ತದೆ.

ನ್ಯಾಯಮೂರ್ತಿ ಎ.ಪಿ. ಶಾ ನೇತೃತ್ವದ ಕಾನೂನು ಆಯೋಗ 2015ರಲ್ಲಿ ಭಯೋತ್ಪಾದನೆ, ದೇಶದ ವಿರುದ್ಧ ಯುದ್ಧ ಸಾರುವುದು ಬಿಟ್ಟು ಉಳಿದೆಲ್ಲ ಅಪರಾಧಗಳಿಗೆ ಗಲ್ಲು ಬೇಡ ಎಂದಿತು. ಸರಿಯಾದ ಮಾತೆಂದೇ ನನ್ನ ನಂಬಿಕೆ. ಸಂಸತ್ತು ಅದನ್ನು ಒಪ್ಪುವವರೆಗೆ ಸುಮ್ಮನಿರಬೇಕಿಲ್ಲ. ಆರೋಪಿಯ ಹಿನ್ನೆಲೆ, ಮನಃಸ್ಥಿತಿ, ಜೈಲಿನ ನಡತೆಯ ವರದಿಗಳು ವಿಚಾರಣಾ ನ್ಯಾಯಾಲಯದ ಹಂತದಲ್ಲೇ ಬರಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಂಪ್ಲಿ ಪ್ರಕರಣದಲ್ಲಿ ಅವು ಬಂದದ್ದು ಬಳ್ಳಾರಿಯಲ್ಲಿ ಗಲ್ಲು ಬರೆದಾದ ಮೇಲೆ. ಮುಂದಿನ ಪ್ರಕರಣದಲ್ಲಿ ಅವು ಸೆಷನ್ಸ್ ನ್ಯಾಯಾಧೀಶರ ಮೇಜಿನ ಮೇಲೆ ಇವೆಯೇ ಎಂದು ವಕೀಲರೂ ಪತ್ರಕರ್ತರೂ ಮೊದಲ ದಿನದಿಂದಲೇ ಕೇಳಬೇಕು.