ಅರ್ಧ ಗಂಟೆಯ ಕೆಲಸ, ಅರ್ಧ ದಿನದ ಕೂಲಿ

ಮಳೆಗಾಲ ಹತ್ತಿರ ಬಂದಿದೆ. ನಮ್ಮ ಮಲೆನಾಡಿನ ಊರುಗಳಲ್ಲಿ ಹೆಂಚು ಕೈಯಾಡಿಸುವವರಿಗೆ, ಗಾರೆಯವರಿಗೆ, ಬಡಗಿಗಳಿಗೆ ಕರೆ ಹೋಗತೊಡಗಿದೆ. ಅದರ ಬೆನ್ನಿಗೇ ಜಗಲಿಯ ಜಗಳವೂ ಶುರುವಾಗಿದೆ. “ಐದು ಹೆಂಚು ಬದಲಿಸಿದ್ದಕ್ಕೆ 500 ರೂಪಾಯಿಯೇ? ಅರ್ಧ ಗಂಟೆಯೂ ಆಗಲಿಲ್ಲವಲ್ಲಯ್ಯಾ!” ಎಂದು ಯಜಮಾನರು ಗಡಿಯಾರ ತೋರಿಸುತ್ತಾರೆ. ಕೆಲಸದವನು ಏಣಿ ಹಿಡಿದುಕೊಂಡು ಅಂಗಳದಲ್ಲಿ ನಿಂತಿರುತ್ತಾನೆ.

ಈ ಗಡಿಯಾರದ ಲೆಕ್ಕವೇ ತಪ್ಪೆಂದು ನಾವು ಹೇಳುತ್ತೇವೆ.

ಗಾರೆಯವನ ದಿನಗೂಲಿ 900 ರೂಪಾಯಿ ಎಂದಿಟ್ಟುಕೊಳ್ಳೋಣ. ನಿಮ್ಮ ಬಚ್ಚಲಿನ ಬಿರುಕು ಮುಚ್ಚಿ ಅವನು ಕೈತೊಳೆಯುವಾಗ ಹತ್ತು ಗಂಟೆ. ಅಷ್ಟರಲ್ಲಿ ಬೇರೆ ಕಡೆ ಆಳು ತುಂಬಿ ಕೆಲಸ ಸಾಗಿರುತ್ತದೆ. ಹತ್ತು ಗಂಟೆಗೆ ಬಂದವನನ್ನು ಯಾವ ಮೇಸ್ತ್ರಿಯೂ ಸೇರಿಸಿಕೊಳ್ಳುವುದಿಲ್ಲ. ನೀವು ಕೊಂಡದ್ದು ಅವನ ಅರ್ಧ ಗಂಟೆಯನ್ನಲ್ಲ, ಕಡೆಯ ಪಕ್ಷ ಅರ್ಧ ದಿನವನ್ನು. ಕೆಲಸ ಎಷ್ಟೇ ಚಿಕ್ಕದಿರಲಿ, 450 ರೂಪಾಯಿಗೆ ಕಡಿಮೆ ಕೊಡುವುದು ನ್ಯಾಯವಲ್ಲ. ಮಾಡು ಹತ್ತುವ ಕೆಲಸಕ್ಕೆ ಅದರ ಮೇಲೆ ಇನ್ನಷ್ಟು ಸೇರಬೇಕು. ಪಾಚಿಗಟ್ಟಿದ ಹೆಂಚಿನ ಮೇಲೆ, ಗೆದ್ದಲು ತಿಂದ ರೀಪಿನ ಮೇಲೆ ಕಾಲಿಡುವವನು ಅವನು. ನಾವು ಕೆಳಗೆ ನಿಂತು ಕಾಫಿ ಕುಡಿಯುವವರು. ಏಣಿ ಹಿಡಿಯುವ ಹುಡುಗನನ್ನು ಕರೆತಂದರೆ ಅವನ ಕೂಲಿ ಬೇರೆ. ನಲ್ಲಿಯವರು, ವಿದ್ಯುತ್ ಕೆಲಸದವರು ಬಂದು ನೋಡಿದ್ದಕ್ಕೇ ಒಂದು ದರ ಹೇಳುವುದೂ ಇದೇ ಕಾರಣಕ್ಕೆ.

ಕಾಯಿದೆಗೆ ಈ ನ್ಯಾಯ ತಿಳಿಯದ್ದೇನಲ್ಲ. ಧಣಿ ಕೆಲಸ ಒದಗಿಸದ್ದರಿಂದ ದಿನ ತುಂಬದಿದ್ದರೆ ಪೂರ್ಣ ದಿನದ ವೇತನ ಸಲ್ಲಬೇಕೆಂದು 1948ರ ಕನಿಷ್ಠ ವೇತನ ಕಾಯಿದೆಯಲ್ಲಿತ್ತು. 2019ರ ವೇತನ ಸಂಹಿತೆಯೂ ಆ ಮಾತನ್ನು ಉಳಿಸಿಕೊಂಡಿತು. ಮನೆ ಮನೆ ಅಲೆಯುವ ಬಿಡಿ ಕೆಲಸದವನ ಕೈಗೆ ಮಾತ್ರ ಅದು ಎಟುಕಲಿಲ್ಲ. ಕಟ್ಟಡ ಕಾರ್ಮಿಕರಿಗೆಂದು ಬಂದ 1996ರ ಕಾಯಿದೆ ರಿಪೇರಿಯನ್ನೂ ಕಟ್ಟಡದ ಕೆಲಸವೆಂದೇ ಒಪ್ಪಿತು; ಆದರೆ ತಮ್ಮ ವಾಸದ ಮನೆಗೆ 10 ಲಕ್ಷ ರೂಪಾಯಿ ಮೀರದ ಕೆಲಸ ಮಾಡಿಸುವವರನ್ನು ಹೊರಗಿಟ್ಟಿತು. ಹಾಗಾದರೆ ಮಾಡಿನಿಂದ ಬಿದ್ದು ಕಾಲು ಮುರಿದುಕೊಂಡವನು ಯಾರ ಬಾಗಿಲು ತಟ್ಟಬೇಕು?

ಮನೆಯವರ ದೂರಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಪಿಂಚಣಿಯಲ್ಲಿ ಬದುಕುವ ವೃದ್ಧರಿದ್ದಾರೆ, ಒಂಟಿ ಹೆಂಗಸರಿದ್ದಾರೆ. ಒಂದು ದರ ಹೇಳಿ ಕಡೆಗೆ ಇನ್ನೊಂದು ಕೇಳುವವರೂ, ಅಂಗಡಿಯಲ್ಲಿ ಕಮಿಷನ್ ಹಿಡಿದು ಕಳಪೆ ಸಾಮಾನು ತರುವವರೂ ಉಂಟು. ಇದು ಕೆಲಸಗಾರರಿಗೆ ಶೋಭೆಯಲ್ಲ. ಏಣಿ ಇಡುವ ಮುನ್ನವೇ ಕೂಲಿ ಗೊತ್ತಾಗಲಿ; ಸಾಮಾನನ್ನು ಮನೆಯವರೇ ತರಲಿ, ಇಲ್ಲವೇ ಅಂಗಡಿಯ ಚೀಟಿ ಕೇಳಲಿ. ಮುಚ್ಚಿದ ಜಾಗ ಮೊದಲ ಮಳೆಗೇ ಸೋರಿದರೆ ಮತ್ತೆ ಬಂದು ಕೂಲಿಯಿಲ್ಲದೆ ಸರಿಪಡಿಸುವ ಮಾತೂ ಆಗಲೇ ಆಗಿರಲಿ.

ಇನ್ನೊಂದು ವಿಷಯ, ಹೇಳಲು ಸಂಕೋಚವಾಗುತ್ತದೆ. ಹೋದ ವರ್ಷ ನಮ್ಮ ಕಚೇರಿಯ ಸೂರು ಸೋರಿದಾಗ ನಾವೂ 50 ರೂಪಾಯಿಗೆ ಚೌಕಾಸಿ ಮಾಡಿದೆವು, ಗೆದ್ದೆವು ಕೂಡ. ಅಂದೇ ಕಾಗದದಂಗಡಿಯಲ್ಲಿ ಅಚ್ಚಾದ ಬೆಲೆಯನ್ನು ಚಕಾರವೆತ್ತದೆ ತೆತ್ತು ಬಂದೆವು.

ಮಳೆ ಹಿಡಿಯುವುದರೊಳಗೆ ಪುರಸಭೆಯವರು ಕೆಲಸಗಾರರನ್ನೂ ಮನೆಯವರನ್ನೂ ಒಂದೆಡೆ ಕೂರಿಸಿ, ಚಿಕ್ಕ ಕೆಲಸಗಳ ದರ ಗೊತ್ತುಮಾಡಿ, ಸಂತೆ ಮಾಳದಲ್ಲಿ ಹಲಗೆ ನಿಲ್ಲಿಸಲಿ. ಅವರಿಗೆ ಹಲಗೆ ಸಿಗದಿದ್ದರೆ ನಮ್ಮ ಕಚೇರಿಯ ಬೀದಿಗೋಡೆ ಖಾಲಿ ಇದೆ.