ಪ್ರಾಯಪೂರ್ತಿಯ ಪಾಠ: ಲಜ್ಜೆಯ ಹೆಸರಿನಲ್ಲಿ ನಾವು ಮುಚ್ಚಿಡುತ್ತಿರುವುದೇನು?

ಶಾಲೆಯಲ್ಲಿ ಹದಿಹರೆಯದ ಆರೋಗ್ಯದ ಕುರಿತು ತರಗತಿ ನಡೆಯಲಿದೆ ಎಂಬ ಸೂಚನೆ ಬಂದೊಡನೆ, ಆ ದಿನ ಮಗುವನ್ನು ಶಾಲೆಗೆ ಕಳುಹಿಸುವುದೇ ಬೇಡ ಎನ್ನುವ ಮನೆಗಳು ನಮ್ಮಲ್ಲಿವೆ. ಉರ್ವ, ಅಶೋಕನಗರ, ಕೊಟ್ಟಾರದ ಸುಶಿಕ್ಷಿತ ಕುಟುಂಬಗಳೂ ಇದಕ್ಕೆ ಹೊರತಲ್ಲ. ಕಾರಣ ಕೇಳಿದರೆ, ಹಯಾ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಹಯಾವನ್ನು ನಮಗೆ ಕಲಿಸಿದವರು ಯಾರು? ಸ್ವಪ್ನಸ್ಖಲನವಾದ ಸ್ತ್ರೀಗೆ ಸ್ನಾನ ಕಡ್ಡಾಯವೇ ಎಂದು ಉಮ್ಮು ಸುಲೈಮ್(ರ) ಪ್ರವಾದಿ(ಸ)ರ ಬಳಿಗೆ ಬಂದು ನೇರವಾಗಿ ಕೇಳಿದರು. ಪ್ರವಾದಿ(ಸ) ಅವರನ್ನು ಗದರಿಸಲಿಲ್ಲ, ಉತ್ತರಿಸಿದರು. ಧರ್ಮಜ್ಞಾನ ಪಡೆಯಲು ಲಜ್ಜೆಯನ್ನು ಅಡ್ಡಿಯಾಗಿಸದ ಅನ್ಸಾರಿ ಸ್ತ್ರೀಯರನ್ನು ಹಝ್ರತ್ ಆಯಿಶಾ(ರ) ಪ್ರಶಂಸಿಸಿದರು. ಋತುಸ್ರಾವದ ಕುರಿತು ಜನರು ಕೇಳಿದ ಪ್ರಶ್ನೆಗೆ ಪವಿತ್ರ ಕುರ್‌ಆನಿನ ಅಲ್‌ಬಕರ 222ನೇ ಸೂಕ್ತ ಉತ್ತರ ನೀಡಿದೆ. ಪ್ರಾಯಕ್ಕೆ ಬಂದ ಮಕ್ಕಳು ಮನೆಯೊಳಗೆ ಹೇಗೆ ಅನುಮತಿ ಕೇಳಿ ಪ್ರವೇಶಿಸಬೇಕೆಂಬುದನ್ನು ಅನ್ನೂರ್ ಅಧ್ಯಾಯ ಕಲಿಸುತ್ತದೆ. ಪ್ರಾಯಪೂರ್ತಿ ಎಂದರೇನೆಂದೇ ತಿಳಿಯದ ಮಗು ಈ ಆಜ್ಞೆಯನ್ನು ಪಾಲಿಸುವುದಾದರೂ ಹೇಗೆ?

ಕರಾವಳಿಯ ಬಹುಪಾಲು ಮುಸ್ಲಿಮರು ಅನುಸರಿಸುವ ಶಾಫಿಈ ಮದ್‌ಹಬಿನ ಪ್ರಕಾರ ಚಾಂದ್ರಮಾನದ ಒಂಬತ್ತನೆಯ ವಯಸ್ಸಿನಿಂದಲೇ ಋತುಸ್ರಾವ ಸಾಧ್ಯ. ಶಾಲೆಯ ವಿಜ್ಞಾನ ಪುಸ್ತಕದಲ್ಲಾದರೋ ಈ ಪಾಠ ಬರುತ್ತಿದ್ದುದು ಎಂಟನೆಯ ತರಗತಿಯಲ್ಲಿ. ಅಷ್ಟರೊಳಗೆ ಅನೇಕ ಹುಡುಗಿಯರಿಗೆ ಅದು ಹಳೆಯ ಸಂಗತಿಯಾಗಿರುತ್ತದೆ. ಏನೂ ಅರಿಯದೆ ಮೊದಲ ರಕ್ತ ಕಂಡ ಬಾಲೆ ತನಗೇನೋ ರೋಗ ಬಂದಿದೆಯೆಂದು ಹೆದರಿ ಬಟ್ಟೆ ಬಚ್ಚಿಡುತ್ತಾಳೆ. ರಮಝಾನಿನಲ್ಲಿ ಆ ದಿನಗಳ ಉಪವಾಸ ಬಿಡಬೇಕೆಂದಾಗಲೀ, ಬಿಟ್ಟದ್ದನ್ನು ಬಳಿಕ ಕಝಾ ತೀರಿಸಬೇಕೆಂದಾಗಲೀ ಅವಳಿಗೆ ತಿಳಿದಿರುವುದಿಲ್ಲ. ಗಂಡುಮಕ್ಕಳ ಪಾಡು ಇನ್ನೂ ಕಷ್ಟ. ತಾಯಿಗೆ ಹೇಳಲಾಗದು, ತಂದೆ ಕೇಳುವುದಿಲ್ಲ. ಮದ್ರಸದಲ್ಲಿ ಕಡ್ಡಾಯ ಸ್ನಾನದ ಕಾರಣಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದ ಹುಡುಗ, ಅದು ತನ್ನ ದೇಹದ ವಿಷಯವೆಂದರಿಯದೆ ಅಶುದ್ಧಿಯಲ್ಲೇ ನಮಾಝಿಗೆ ನಿಲ್ಲುತ್ತಾನೆ. ಉಳಿದುದನ್ನು ಮೊಬೈಲ್ ಹೇಳಿಕೊಡುತ್ತದೆ. ಅದಕ್ಕೆ ಯಾವ ಹಯಾವೂ ಇಲ್ಲ.

2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರ ಚಿತ್ರಗಳ ಬಗ್ಗೆ ಆಕ್ಷೇಪವಿತ್ತು. ಚಿತ್ರಗಳನ್ನು ತಿದ್ದಬಹುದಿತ್ತು, ಪಾಠವನ್ನೇ ನಿಲ್ಲಿಸಲಾಯಿತು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧ 2012ರಲ್ಲಿ ಪೋಕ್ಸೊ ಕಾಯ್ದೆ ಬಂತು, ನಿಜ. ಆದರೆ ತನ್ನ ಅಂಗಾಂಗಗಳ ಹೆಸರನ್ನೇ ಉಚ್ಚರಿಸಬಾರದೆಂದು ಕಲಿತ ಮಗು ಯಾರ ಬಳಿ ಹೋಗಿ ಏನೆಂದು ದೂರು ಕೊಡಬೇಕು?

ಶಾಲೆ ಹೇಳಿದ್ದೆಲ್ಲವನ್ನೂ ಕಣ್ಣುಮುಚ್ಚಿ ಒಪ್ಪಬೇಕೆಂದು ನಾವು ಹೇಳುತ್ತಿಲ್ಲ. ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಶಿಕ್ಷಕಿಯರೇ ಪಾಠ ಮಾಡಲಿ, ಪಠ್ಯವನ್ನು ಮೊದಲೇ ಪೋಷಕರಿಗೆ ತೋರಿಸಲಿ. ವಿವಾಹದ ಹೊರಗಿನ ಸಂಬಂಧವನ್ನು ಸಹಜವೆಂದು ಬಿಂಬಿಸುವ ಮಾತು ಅದರಲ್ಲಿದ್ದರೆ ನಮ್ಮ ವಿರೋಧವನ್ನು ಮುಖ್ಯೋಪಾಧ್ಯಾಯರ ಎದುರು ಕುಳಿತು ದಾಖಲಿಸೋಣ. ಶುದ್ಧಿ, ನಮಾಝ್, ಉಪವಾಸದ ನಿಯಮಗಳನ್ನು ಶಾಲೆ ಕಲಿಸದು. ಅದು ತಾಯಿ ತಂದೆಯರ, ಉಸ್ತಾದರ ಹೊಣೆ. ಹೆಣ್ಣುಮಗುವಿಗೆ ಒಂಬತ್ತು ತುಂಬುವ ಮೊದಲೇ ತಾಯಿ ಆ ಮಾತನ್ನು ಆರಂಭಿಸಿರಬೇಕು. ಮಗನ ಬಳಿ ತಂದೆ ಕುಳಿತುಕೊಳ್ಳಬೇಕು. ತರಗತಿಯ ದಿನ ಮಗುವನ್ನು ಮನೆಯಲ್ಲಿರಿಸಿಕೊಂಡವರು ಆ ದಿನ ಮಗುವಿಗೆ ಏನನ್ನು ಕಲಿಸಿದರು ಎಂಬುದನ್ನೂ ಹೇಳಲಿ.